ಮದ್ದಿಲ್ಲದ ಕಾಯಿಲೆಗೆ ನಮ್ಮ ನಿಧಿಯ ಹಣ ಏಕೆ?

(ಸಂಘದ ವೈದ್ಯಕೀಯ ನೆರವು ನಿಧಿಯ ದಾನಿಗಳ ಸಭೆಯಲ್ಲಿ, ಮುಂಬಯಿಯ ಕಾಲೇಜೊಂದರಲ್ಲಿ ಜೀವರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ನಮ್ಮ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹರೂಪ.)



ನಾನು ಡಾಕ್ಟರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡಿದವಳು. ಈ ಸಭೆಯಲ್ಲಿ ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ನನಗೆ ಹೇಳಿದ್ದಕ್ಕೆ ಒಂದು ಕಾರಣವಿದೆ. ಹಿಂದಿನ ಸಮಿತಿ ಸಭೆಯಲ್ಲಿ, ವರ್ಷ ವರ್ಷವೂ ತಪ್ಪದೆ ದೇಣಿಗೆ ಕೊಡುವ ಹಿರಿಯರೊಬ್ಬರು ನೇರವಾಗಿ ಒಂದು ಪ್ರಶ್ನೆ ಕೇಳಿದರು. "ಹೃದಯದ ಆಪರೇಷನ್‌ಗೆ ಕೊಟ್ಟರೆ ಮನುಷ್ಯ ಎದ್ದು ನಡೆದು ಬಂದು ನಮಸ್ಕಾರ ಹೇಳುತ್ತಾನೆ. ಡಯಾಲಿಸಿಸ್‌ಗೆ ಕೊಟ್ಟರೆ ಇನ್ನಷ್ಟು ವರ್ಷ ಬದುಕುತ್ತಾನೆ. ಈ ಮಿದುಳು ಸವೆಯುವ ಕಾಯಿಲೆಗೆ ಮದ್ದೇ ಇಲ್ಲ ಅಂತ ನೀವೇ ಹೇಳುತ್ತೀರಿ. ಮತ್ತೆ ಅದಕ್ಕೆ ಹಣ ಯಾಕೆ?"

ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಬೆವರು ಸುರಿಸಿ ದುಡಿದ ಹಣ ಕೊಡುವವರು ಕೇಳಲೇಬೇಕಾದ ಪ್ರಶ್ನೆ ಅದು. ಆ ಹಿರಿಯರು ಇವತ್ತು ಎರಡನೇ ಸಾಲಿನಲ್ಲೇ ಕುಳಿತಿದ್ದಾರೆ. ಅವರ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಕೊಡುತ್ತೇನೆ. ಅದಕ್ಕೆ ನಮ್ಮ ಮನೆಯ ಒಂದು ಕಥೆ ಹೇಳಬೇಕು, ಒಂದು ಜೀನಿನ ಕಥೆಯನ್ನೂ ಹೇಳಬೇಕು.

ನಮ್ಮ ಅಣ್ಣ ಕುಂದಾಪುರದ ಕಡೆಯಿಂದ ಹದಿನೇಳನೇ ವಯಸ್ಸಿಗೆ ಮುಂಬಯಿಗೆ ಬಂದವರು. ಬಂದಾಗ ಲೋಟ ತೊಳೆದರು, ಆಮೇಲೆ ಸಪ್ಲಾಯರ್ ಆದರು, ಕೊನೆಗೆ ಡೊಂಬಿವಲಿಯ ಒಂದು ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಗಲ್ಲಾದಲ್ಲಿ ಕುಳಿತರು. ನನ್ನನ್ನು ಓದಿಸಿದ್ದು ಅವರೇ. ಅವರಿಗೆ ಅರವತ್ಮೂರು ಆದಾಗ ಗಲ್ಲಾದ ಲೆಕ್ಕ ತಪ್ಪತೊಡಗಿತು. ಐದುನೂರರ ನೋಟಿಗೆ ಚಿಲ್ಲರೆ ಕೊಡುವಾಗ ಕೈ ಡ್ರಾಯರಿನಲ್ಲಿ ತಡಕಾಡುತ್ತಿತ್ತು. ಮಾಲೀಕರು ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಪಕ್ಕದಲ್ಲಿ ಇನ್ನೊಬ್ಬ ಹುಡುಗನನ್ನು ಕೂರಿಸಿದರು. ಅಣ್ಣನಿಗೆ ಅದು ಕಪಾಳಕ್ಕೆ ಹೊಡೆದ ಹಾಗಾಯಿತು. ಒಂದು ಪೈಸೆ ಮುಟ್ಟದ ಮನುಷ್ಯ ಅವರು.

ನಿಜ ಸಂಗತಿ ಏನೆಂದರೆ, ಅಣ್ಣನಿಗೆ ಕಣ್ಣನ್ನು ಕೆಳಕ್ಕೆ ತಿರುಗಿಸಲು ಆಗುತ್ತಿರಲಿಲ್ಲ. ದೃಷ್ಟಿ ಚೆನ್ನಾಗಿಯೇ ಇತ್ತು. ಆದರೆ ಡ್ರಾಯರು ಕೆಳಗಿತ್ತು, ಕಣ್ಣು ಅಲ್ಲಿಗೆ ಇಳಿಯುತ್ತಿರಲಿಲ್ಲ. ಊಟದ ತಟ್ಟೆಯೂ ಹಾಗೇ. ಮೆಟ್ಟಿಲು ಇಳಿಯುವಾಗಲಂತೂ ಇನ್ನೂ ಕಷ್ಟ. ಒಂದು ದಿನ ನಿಂತಲ್ಲೇ ಹಿಂದಕ್ಕೆ, ಕಡಿದ ಮರದ ಹಾಗೆ ಬಿದ್ದರು. ತಿಂಗಳೊಳಗೆ ಮತ್ತೆ ಬಿದ್ದರು. ಕೆಲವರು ಕುಡಿಯುತ್ತಾರೆ ಎಂದರು. ಇನ್ನು ಕೆಲವರು ಕಿವಿಯ ತೊಂದರೆ ಎಂದರು. ಕನ್ನಡಕ ಎರಡು ಸಲ ಬದಲಾಯಿತು. ಆಮೇಲೆ ಒಬ್ಬ ವೈದ್ಯರು ಪಾರ್ಕಿನ್ಸನ್ ಎಂದು ಹೇಳಿ ಮಾತ್ರೆ ಕೊಟ್ಟರು. ಮಾತ್ರೆ ಹೆಚ್ಚಿಸಿದರೂ ಗುಣ ಕಾಣಲಿಲ್ಲ. ಎರಡೂವರೆ ವರ್ಷ ಕಳೆದ ಮೇಲೆ ಒಬ್ಬ ಹಿರಿಯ ನರರೋಗ ತಜ್ಞರು ಅಣ್ಣನ ಮುಖದ ಮುಂದೆ ಬೆರಳು ಹಿಡಿದು, ಮೇಲಕ್ಕೆ ಕೆಳಕ್ಕೆ ಆಡಿಸಿ, ಎಂಆರ್‌ಐ ಚಿತ್ರ ನೋಡಿ, ಕಾಯಿಲೆಯ ಹೆಸರು ಹೇಳಿದರು. ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಚಿಕ್ಕದಾಗಿ ಪಿಎಸ್‌ಪಿ.

ಈ ಕಾಯಿಲೆಯನ್ನು ಬೇರೆಯದೇ ರೋಗವೆಂದು ಗುರುತಿಸಿ 1964ರಲ್ಲಿ ಬರೆದವರು ಕೆನಡಾದ ಟೊರಾಂಟೊದಲ್ಲಿದ್ದ ಮೂವರು ವೈದ್ಯರು: ಸ್ಟೀಲ್, ರಿಚರ್ಡ್‌ಸನ್ ಮತ್ತು ಓಲ್ಷೆವ್‌ಸ್ಕಿ. ಅಪರೂಪದ ರೋಗ, ಸಾಮಾನ್ಯವಾಗಿ ಅರವತ್ತು ದಾಟಿದವರಿಗೆ ಬರುವಂಥದ್ದು. ಟಾವ್ ಎಂಬ ಒಂದು ಪ್ರೋಟೀನು ಮಿದುಳಿನ ಕೋಶಗಳೊಳಗೆ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಅಲ್ಜೈಮರ್ ರೋಗದಲ್ಲೂ ಟಾವ್ ಗಂಟುಗಳಿರುತ್ತವೆ. ಪಾರ್ಕಿನ್ಸನ್‌ನಲ್ಲಿ ಗಂಟು ಕಟ್ಟುವುದು ಬೇರೆ ಪ್ರೋಟೀನು. ಹೆಸರು ಬೇರೆ ಬೇರೆಯಾದರೂ ಈ ಎಲ್ಲ ಕಾಯಿಲೆಗಳಲ್ಲಿ ಸಮಾನವಾದದ್ದು ಒಂದಿದೆ. ಸರಿಯಾಗಿ ಮಡಚಿಕೊಳ್ಳಬೇಕಾದ ಪ್ರೋಟೀನು ಹಾಗೆ ಮಡಚಿಕೊಳ್ಳದೆ ಕೋಶದಲ್ಲಿ ರಾಶಿ ಬೀಳುತ್ತದೆ.

ಈಗ ಜೀನಿನ ವಿಷಯಕ್ಕೆ ಬರುತ್ತೇನೆ. ಕ್ಲಾಸಿನಲ್ಲಿ ನಾನು ಇದನ್ನು ಕಪ್ಪು ಹಲಗೆಯ ಮೇಲೆ ಬಾಣ ಬರೆದು ಹೇಳುತ್ತಿದ್ದೆ. ಅಣ್ಣನಿಗೆ ಅದನ್ನೇ ಹೋಟೆಲಿನ ಭಾಷೆಯಲ್ಲಿ ಹೇಳಿದ್ದೆ. ನಿಮಗೂ ಹಾಗೆಯೇ ಹೇಳುತ್ತೇನೆ. ಇಲ್ಲಿರುವ ಅರ್ಧ ಜನ ಹೋಟೆಲ್ ಉದ್ಯಮದವರೇ ಇದ್ದೀರಿ.

ನಮ್ಮ ಪ್ರತಿ ಜೀವಕೋಶದಲ್ಲೂ ಒಂದು ಅಡುಗೆಮನೆ ಇದೆ ಎಂದುಕೊಳ್ಳಿ. ಅದರ ಶಾಸ್ತ್ರೀಯ ಹೆಸರು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್. ಹೆಸರು ಉದ್ದವಾಯಿತು, ನಾವು ಅಡುಗೆಮನೆ ಎಂದೇ ಕರೆಯೋಣ. ಕೋಶದ ಹೊರಗೆ ಹೋಗಬೇಕಾದ, ಕೋಶದ ಹೊದಿಕೆಗೆ ಬೇಕಾದ ಪ್ರೋಟೀನುಗಳು ಇಲ್ಲಿ ತಯಾರಾಗುತ್ತವೆ. ತಯಾರಾದರೆ ಸಾಲದು, ಮಸಾಲೆ ದೋಸೆಯನ್ನು ಮಡಚಿದ ಹಾಗೆ ಪ್ರತಿಯೊಂದು ಪ್ರೋಟೀನನ್ನೂ ಅದರದ್ದೇ ಆಕಾರಕ್ಕೆ ಮಡಚಬೇಕು. ಆಮೇಲೆಯೇ ಅದು ಕೆಲಸಕ್ಕೆ ಬರುತ್ತದೆ.

ಭಾನುವಾರ ಸಂಜೆ ರಶ್ ಬಂದಾಗ ಏನಾಗುತ್ತದೆ? ಆರ್ಡರ್ ಮೇಲೆ ಆರ್ಡರ್. ಕಾವಲಿ ಅತಿಯಾಗಿ ಕಾಯುತ್ತದೆ, ದೋಸೆ ಹರಿಯುತ್ತದೆ, ಹರಿದ ದೋಸೆಗಳು ಪಕ್ಕದಲ್ಲಿ ರಾಶಿ ಬೀಳುತ್ತವೆ, ಕೈಯಾಡಿಸಲು ಜಾಗವಿಲ್ಲ. ಆಗ ಅನುಭವಸ್ಥರೊಬ್ಬರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗುತ್ತಾರೆ: "ಹತ್ತು ನಿಮಿಷ ಹೊಸ ಆರ್ಡರ್ ತಗೋಬೇಡಿ!" ಆ ಹತ್ತು ನಿಮಿಷದಲ್ಲಿ ಹಾಳಾದದ್ದನ್ನು ತೆಗೆದು, ಕಾವಲಿ ಒರೆಸಿ, ಎಲ್ಲ ಸರಿಮಾಡಿಕೊಳ್ಳುತ್ತಾರೆ. ಮತ್ತೆ ಕೆಲಸ ಶುರುವಾಗುತ್ತದೆ.

ಹೀಗೆ ಬಾಗಿಲಲ್ಲಿ ನಿಂತು ಕೂಗುವ ಪ್ರೋಟೀನಿನ ಹೆಸರು ಪರ್ಕ್. ಅದನ್ನು ತಯಾರಿಸುವ ಜೀನಿನ ಹೆಸರು ಇಐಎಫ್2ಎಕೆ3. ನಮ್ಮ ಎರಡನೇ ಕ್ರೋಮೋಸೋಮಿನ ಮೇಲಿದೆ. ಪರ್ಕ್‌ನ ಒಂದು ತುದಿ ಅಡುಗೆಮನೆಯ ಒಳಗೆ, ಇನ್ನೊಂದು ತುದಿ ಹೊರಗೆ. ಒಳಗಿನ ತುದಿಗೆ ಮಡಚದ ಪ್ರೋಟೀನುಗಳ ರಾಶಿ ಗೊತ್ತಾಗುತ್ತದೆ. ಹೊರಗಿನ ತುದಿ ಪ್ರೋಟೀನು ತಯಾರಿಕೆಯ ಒಂದು ಮುಖ್ಯ ಕೀಲಿಗೆ ಫಾಸ್ಫೇಟಿನ ಒಂದು ಸಣ್ಣ ತುಣುಕು ಅಂಟಿಸುತ್ತದೆ. ಅಷ್ಟೇ, ಕೋಶದ ಬಹುಪಾಲು ತಯಾರಿಕೆ ತಗ್ಗಿಬಿಡುತ್ತದೆ. ಆದರೆ ಚೊಕ್ಕಟ ಮಾಡುವವರು ಬೇಕಲ್ಲ? ಹಾಗಾಗಿ ಅದೇ ಹೊತ್ತಿಗೆ ಕೆಲವು ಪ್ರೋಟೀನುಗಳು ಮಾತ್ರ ಹೆಚ್ಚು ತಯಾರಾಗುತ್ತವೆ. ಮಡಚಲು ನೆರವಾಗುವವು, ಕೆಟ್ಟದ್ದನ್ನು ಸಾಗಿಸುವವು, ಕೊನೆಗೆ ಆ ಫಾಸ್ಫೇಟ್ ತುಣುಕನ್ನು ಕಿತ್ತು "ಇನ್ನು ಶುರುಮಾಡಿ" ಎನ್ನುವಂಥದ್ದೂ ಅವುಗಳಲ್ಲಿ ಒಂದು.

ಈ ಪರ್ಕನ್ನು ವಿಜ್ಞಾನಿಗಳು ಗುರುತಿಸಿದ್ದು 1998-99ರಲ್ಲಿ. ಅಡುಗೆಮನೆಯಲ್ಲಿ ಒತ್ತಡ ಬಂದಾಗ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಮೊದಲು ಯೀಸ್ಟ್‌ನಲ್ಲಿ, ನಮ್ಮ ಇಡ್ಲಿ ಹಿಟ್ಟು ಹುದುಗುವಾಗ ಇರುವಂಥ ಸಣ್ಣ ಜೀವಿಯಲ್ಲಿ, ಬಿಡಿಸಿದ ಜಪಾನಿನ ಕಝುತೋಶಿ ಮೋರಿ ಮತ್ತು ಅಮೆರಿಕದ ಪೀಟರ್ ವಾಲ್ಟರ್ ಅವರಿಗೆ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು.

ಪರ್ಕ್ ಒಳ್ಳೆಯದೋ ಕೆಟ್ಟದ್ದೋ? ಹತ್ತು ನಿಮಿಷ ನಿಲ್ಲಿಸಿದರೆ ಒಳ್ಳೆಯದು. ಇಡೀ ದಿನ, ಇಡೀ ತಿಂಗಳು "ಆರ್ಡರ್ ಬೇಡ, ಆರ್ಡರ್ ಬೇಡ" ಎಂದು ಕೂಗುತ್ತಲೇ ಇದ್ದರೆ? ಹೋಟೆಲಿನ ಗೋಡೆ, ಕುರ್ಚಿ, ದೀಪ ಎಲ್ಲ ಇರುತ್ತವೆ. ಆದರೆ ಟೇಬಲ್ಲಿಗೆ ಏನೂ ಬರುವುದಿಲ್ಲ. ಗಿರಾಕಿ ಎದ್ದು ಹೋಗುತ್ತಾರೆ. ಕೊನೆಗೆ ಬಾಗಿಲು ಹಾಕಬೇಕಾಗುತ್ತದೆ. ನರಕೋಶದಲ್ಲೂ ಹೀಗೆಯೇ ಆಗುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿದೆ. ಒಂದು ನರಕೋಶ ಇನ್ನೊಂದರ ಜೊತೆ ಮಾತನಾಡುವ ಸಂಧಿಗಳಿಗೆ ಹೊಸ ಪ್ರೋಟೀನು ಸದಾ ಬೇಕು. ಅದು ಬರುವುದು ನಿಂತರೆ ಮೊದಲು ಸಂಧಿಗಳು ಹೋಗುತ್ತವೆ, ಆಮೇಲೆ ಕೋಶವೇ ಸಾಯುತ್ತದೆ. ಅಲ್ಜೈಮರ್, ಪಾರ್ಕಿನ್ಸನ್, ಪಿಎಸ್‌ಪಿ ಈ ಮೂರರಿಂದ ತೀರಿಕೊಂಡವರ ಮಿದುಳುಗಳಲ್ಲೂ ಪರ್ಕ್ ಎಚ್ಚೆತ್ತ ಗುರುತುಗಳು ಕಂಡಿವೆ.

ಇನ್ನೊಂದು ಸುಳಿವು ಬೇರೆ ದಾರಿಯಿಂದ ಬಂತು. 2011ರಲ್ಲಿ ಯುರೋಪ್ ಮತ್ತು ಅಮೆರಿಕದ ವಿಜ್ಞಾನಿಗಳ ದೊಡ್ಡ ತಂಡವೊಂದು 2,000ಕ್ಕೂ ಹೆಚ್ಚು ಪಿಎಸ್‌ಪಿ ರೋಗಿಗಳ ಡಿಎನ್‌ಎಯನ್ನು, ಆ ರೋಗವಿಲ್ಲದ ಸಾವಿರಾರು ಜನರ ಡಿಎನ್‌ಎಯ ಜೊತೆ ಹೋಲಿಸಿ ನೋಡಿತು. ರೋಗಕ್ಕೂ ತಮಗೂ ಸಂಬಂಧವಿದೆ ಎಂದು ತೋರಿಸಿದ ಕೆಲವೇ ಜಾಗಗಳಲ್ಲಿ ಈ ಇಐಎಫ್2ಎಕೆ3 ಒಂದು. ಟಾವ್ ಪ್ರೋಟೀನಿನ ಜೀನು ಇನ್ನೊಂದು. ಮೊದಲ ಹಂತದ ರೋಗಿಗಳೆಲ್ಲ ಆಗಲೇ ತೀರಿಕೊಂಡವರು. ಅವರ ಕುಟುಂಬದವರು ಮಿದುಳನ್ನು ದಾನ ಮಾಡಿದ್ದರಿಂದಲೇ ಅದು ಪಿಎಸ್‌ಪಿ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೇನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ವಿಷಯ ತಿಳಿದಾಗ ಅಣ್ಣನ ಮಗ ನನಗೆ ಫೋನ್ ಮಾಡಿ, "ಅತ್ತೆ, ಹಾಗಾದರೆ ನನಗೂ ಬರುತ್ತದಾ? ಟೆಸ್ಟ್ ಮಾಡಿಸಲಾ?" ಎಂದು ಕೇಳಿದ. ನಾನು ಬೇಡ ಎಂದೆ. ಆ ಜೀನಿನಲ್ಲಿ ಕಂಡದ್ದು ಬಹಳ ಜನರಲ್ಲಿ ಇರುವ ಸಣ್ಣ ಅಕ್ಷರ ವ್ಯತ್ಯಾಸ. ಅದು ಅಪಾಯವನ್ನು ಒಂದಿಷ್ಟು ಏರುಪೇರು ಮಾಡುತ್ತದೆ, ಅಷ್ಟೇ. ಅದು ಇದ್ದವರಲ್ಲಿ ಬಹುತೇಕ ಎಲ್ಲರೂ ಈ ರೋಗವಿಲ್ಲದೆ ಮುದುಕರಾಗುತ್ತಾರೆ. ಪಿಎಸ್‌ಪಿ ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಇಳಿಯುವ ರೋಗವಲ್ಲ. ಆದ್ದರಿಂದ ಮಗಳ ಮದುವೆ ಮಾತುಕತೆಯಲ್ಲಿ ಇದನ್ನು ಮುಚ್ಚಿಡಬೇಕಾದ ಕಳಂಕ ಎಂದು ಯಾರೂ ತಿಳಿಯಬೇಡಿ.

ಜೀನು ಪೂರ್ತಿಯಾಗಿ ಕೆಟ್ಟರೆ ಆಗುವುದು ಬೇರೆಯೇ. ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದ ಮಗುವಿಗೆ ವೋಲ್ಕಟ್-ರಾಲಿಸನ್ ಸಿಂಡ್ರೋಮ್ ಎಂಬ ಅತಿ ಅಪರೂಪದ ರೋಗ ಬರುತ್ತದೆ. ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆ, ಮೂಳೆಗಳ ಬೆಳವಣಿಗೆಯಲ್ಲಿ ದೋಷ, ಪಿತ್ತಜನಕಾಂಗದ ತೊಂದರೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದ ಕುಟುಂಬಗಳಲ್ಲಿ ಇದು ಹೆಚ್ಚು. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ, ಅದಕ್ಕಾಗಿ ಹೇಳಿದೆ. ಆರು ತಿಂಗಳೊಳಗಿನ ಮಗುವಿಗೆ ಸಕ್ಕರೆ ಕಾಯಿಲೆ ಎಂದರೆ ಜೀನ್ ಪರೀಕ್ಷೆಯ ವಿಷಯವನ್ನು ವೈದ್ಯರ ಬಳಿ ಕೇಳಲೇಬೇಕು. ಅಲ್ಲಿ ಪರೀಕ್ಷೆಗೆ ಅರ್ಥವಿದೆ.

"ಪರ್ಕ್ ಕೂಗುತ್ತಲೇ ಇರುವುದೇ ತೊಂದರೆಯಾದರೆ ಅದರ ಬಾಯಿ ಮುಚ್ಚಿಸಿದರೆ ಆಯಿತಲ್ಲ?" ನಮ್ಮ ಅತ್ತಿಗೆ ಇದೇ ಪ್ರಶ್ನೆ ಕೇಳಿದ್ದರು. ಬ್ರಿಟನ್ನಿನ ಜೊವಾನಾ ಮಲ್ಲೂಚಿ ಅವರ ತಂಡ 2013ರಲ್ಲಿ ಅದನ್ನೇ ಮಾಡಿ ನೋಡಿತು. ಪ್ರಿಯಾನ್ ಎಂಬ, ಮಿದುಳನ್ನು ಬೇಗ ಸವೆಸುವ ರೋಗ ತಗುಲಿದ ಇಲಿಗಳಿಗೆ ಪರ್ಕನ್ನು ತಡೆಯುವ ಮದ್ದನ್ನು ಬಾಯಿಯ ಮೂಲಕ ಕೊಟ್ಟರು. ಇಲಿಗಳ ನರಕೋಶಗಳು ಉಳಿದವು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಅದೇ ಇಲಿಗಳ ತೂಕ ಇಳಿಯಿತು, ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು. ಏಕೆಂದರೆ ಇನ್ಸುಲಿನ್ ತಯಾರಿಸುವ ಆ ಗ್ರಂಥಿಯ ಅಡುಗೆಮನೆಯಲ್ಲಿ ಪ್ರತಿದಿನವೂ ರಶ್. ಅಲ್ಲಿ ಪರ್ಕ್ ಬೇಕೇಬೇಕು. ಈಗ ಹೇಳಿದ ಮಗುವಿನ ರೋಗ ಅದನ್ನೇ ತೋರಿಸುತ್ತದೆ.

2017ರಲ್ಲಿ ಅದೇ ತಂಡ ಇನ್ನೊಂದು ವಿಷಯ ಹೇಳಿತು. ಖಿನ್ನತೆಗೆ ಬಹುಕಾಲದಿಂದ ಕೊಡುತ್ತಿರುವ ಟ್ರಾಝೋಡೋನ್ ಎಂಬ ಮಾತ್ರೆ ಪರ್ಕ್‌ನ ಮುಂದಿನ ಹಂತವನ್ನು ಸಡಿಲಿಸಿ ಇಲಿಗಳಿಗೆ ನೆರವಾಯಿತು ಎಂದು. ಇದನ್ನು ವಾಟ್ಸ್ಆ್ಯಪ್‌ನಲ್ಲಿ ಓದಿ, ಅಂಗಡಿಯಿಂದ ಮಾತ್ರೆ ತಂದು ತಂದೆಗೆ ಕೊಡಲು ಹೊರಟವರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆ ಸುತ್ತಿ, ರಕ್ತದೊತ್ತಡ ಇಳಿದು, ಮೊದಲೇ ಬೀಳುವ ಮನುಷ್ಯ ಇನ್ನಷ್ಟು ಬೀಳುತ್ತಾನೆ. ಬ್ರಿಟನ್ನಿನಲ್ಲಿ ಮೋಟಾರ್ ನ್ಯೂರಾನ್ ರೋಗಿಗಳ ಮೇಲೆ ಇದೇ ಮಾತ್ರೆಯ ಪರೀಕ್ಷೆ ನಡೆದಾಗ ಪ್ರಯೋಜನ ಕಾಣದೆ ಅದನ್ನು ಕೈಬಿಟ್ಟರು. ಪರ್ಕ್‌ನ ಕೆಳಗಿನ ಹಂತದಲ್ಲಿ ಕೆಲಸ ಮಾಡುವ ಇನ್ನೆರಡು ಹೊಸ ಮದ್ದುಗಳನ್ನು ಅಮೆರಿಕದಲ್ಲಿ ಅದೇ ಜಾತಿಯ ರೋಗದಲ್ಲಿ ಪರೀಕ್ಷಿಸಿದರು. ಮುಖ್ಯ ಗುರಿ ಮುಟ್ಟಲಿಲ್ಲ ಎಂದು 2025ರ ಜನವರಿಯಲ್ಲಿ ಪ್ರಕಟವಾಯಿತು.

ಇನ್ನೂ ಒಂದು ತೊಡಕಿದೆ. ಪಿಎಸ್‌ಪಿಯ ಅಪಾಯ ಹೆಚ್ಚಿಸುವ ಆ ಜೀನಿನ ರೂಪದಿಂದ ಬರುವ ಪರ್ಕ್ ಹೆಚ್ಚು ಜೋರಲ್ಲ, ಕೊಂಚ ದುರ್ಬಲವೇ ಇರಬಹುದು ಎಂದು ಕೆಲವು ಪ್ರಯೋಗಗಳು ಹೇಳಿವೆ. ಪರ್ಕನ್ನು ಎಬ್ಬಿಸಿದರೆ ಟಾವ್ ಗಂಟುಗಳು ಕಡಿಮೆಯಾದವು ಎಂದು ಜರ್ಮನಿಯ ತಂಡವೊಂದು 2017ರಲ್ಲಿ ತೋರಿಸಿತು. ಅಂದರೆ ಒಂದು ಕಡೆ ಬಾಯಿ ಮುಚ್ಚಿಸಿ ಎನ್ನುತ್ತಾರೆ, ಇನ್ನೊಂದು ಕಡೆ ಎಬ್ಬಿಸಿ ಎನ್ನುತ್ತಾರೆ. ಇಬ್ಬರೂ ಪ್ರಾಮಾಣಿಕರೇ. ಯಾವ ಕೋಶದಲ್ಲಿ, ರೋಗದ ಯಾವ ಹಂತದಲ್ಲಿ, ಎಷ್ಟು ಹೊತ್ತು ಎಂಬುದು ಇತ್ಯರ್ಥವಾಗಬೇಕು. ಅಲ್ಲಿಯವರೆಗೆ ಮನುಷ್ಯನಿಗೆ ಕೊಡಬಹುದಾದ ಮದ್ದು ಇದರಿಂದ ಬಂದಿಲ್ಲ.

ಇಷ್ಟೆಲ್ಲ ಏಕೆ ಹೇಳಿದೆ ಎಂದರೆ, ಈ ಅರ್ಧ ತಿಳಿದ ಜಾಗದಲ್ಲೇ ಮೋಸ ನುಗ್ಗುತ್ತದೆ. ಅಣ್ಣನ ಕಾಯಿಲೆಯ ಹೆಸರು ತಿಳಿದು ಮೂರು ತಿಂಗಳಾಗಿರಲಿಲ್ಲ. ಅಣ್ಣನ ಮಗ ಇಂಟರ್ನೆಟ್‌ನಲ್ಲಿ ಹುಡುಕಿ ಒಂದು ಕ್ಲಿನಿಕ್ ಕಂಡುಕೊಂಡ. ಅಲ್ಲಿಯವರು "ಕೋಶದ ಒತ್ತಡ" ಎಂದರು, "ಜೀನು" ಎಂದರು, ನಾನು ಕ್ಲಾಸಿನಲ್ಲಿ ಹೇಳುತ್ತಿದ್ದ ಶಬ್ದಗಳನ್ನೇ ಹೇಳಿದರು. ಸ್ಟೆಮ್ ಸೆಲ್ ಇಂಜೆಕ್ಷನ್, ನಾಲ್ಕು ಸಲ, ಒಟ್ಟು ನಾಲ್ಕೂವರೆ ಲಕ್ಷ. ಅತ್ತಿಗೆಯ ಬಳೆ, ಊರಿನ ಜಾಗದ ಮೇಲಿನ ಸಾಲ, ಎಲ್ಲ ಅಲ್ಲಿಗೆ ಹೋಯಿತು. ನನ್ನನ್ನು ಕೇಳಿದ್ದರು. ನಾನು ಗಟ್ಟಿಯಾಗಿ ಬೇಡ ಎನ್ನಲಿಲ್ಲ. ಅಣ್ಣ ಎದುರಿಗೆ ಕುಳಿತಿರುವಾಗ ಆಸೆಯನ್ನು ಹೇಗೆ ಕತ್ತರಿಸಲಿ ಎಂದು ಸುಮ್ಮನಿದ್ದೆ. ಇದು ನನ್ನ ತಪ್ಪು, ಇವತ್ತು ಒಪ್ಪಿಕೊಳ್ಳುತ್ತೇನೆ. ಪಿಎಸ್‌ಪಿಗಾಗಲಿ, ಪಾರ್ಕಿನ್ಸನ್‌ಗಾಗಲಿ, ಅಲ್ಜೈಮರ್‌ಗಾಗಲಿ ಸ್ಟೆಮ್ ಸೆಲ್ ಇನ್ನೂ ಒಪ್ಪಿತ ಚಿಕಿತ್ಸೆಯಲ್ಲ. ನಿಯಮಬದ್ಧವಾದ ಪ್ರಯೋಗದ ಹೊರಗೆ ಅದನ್ನು ಹಣಕ್ಕೆ ಮಾರಬಾರದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ನಿಜವಾದ ಪ್ರಯೋಗದಲ್ಲಿ ಮದ್ದಿಗೆಂದು ರೋಗಿಯಿಂದ ಲಕ್ಷಗಟ್ಟಲೆ ಕೇಳುವುದಿಲ್ಲ. ಕೇಳಿದರೆ ಎದ್ದು ಬನ್ನಿ.

ಆ ಹಣ ಹೋದ ಮೇಲೆ ನಿಜವಾಗಿ ಬೇಕಾದದ್ದಕ್ಕೆ ಹಣ ಇರಲಿಲ್ಲ. ಏನು ಬೇಕಾಗಿತ್ತು ಎಂದು ಹೇಳುತ್ತೇನೆ, ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಪಿಎಸ್‌ಪಿ ರೋಗಿಯನ್ನು ಕೊನೆಗೆ ಕೊಂಡೊಯ್ಯುವುದು ಹೆಚ್ಚಾಗಿ ಬೀಳುವುದು, ನುಂಗುವಾಗ ಅನ್ನ ನೀರು ಶ್ವಾಸನಾಳಕ್ಕೆ ಹೋಗಿ ಬರುವ ನ್ಯುಮೋನಿಯಾ, ಮಲಗಿದಲ್ಲೇ ಬರುವ ಹುಣ್ಣು ಮತ್ತು ಸೋಂಕು. ಜೀನಿಗೆ ಮದ್ದಿಲ್ಲ ನಿಜ. ಆದರೆ ಇವು ಪ್ರತಿಯೊಂದಕ್ಕೂ ಮಾಡಬಹುದಾದ ಕೆಲಸ ಇದೆ. ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಹೇಗೆ ಏಳಬೇಕು, ಹೇಗೆ ತಿರುಗಬೇಕು ಎಂದು ಕಲಿಸಬಹುದು. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಬಹುದು. ಸ್ಪೀಚ್ ಥೆರಪಿಸ್ಟ್ ಹೇಗೆ ನುಂಗಬೇಕು, ನೀರನ್ನು ಎಷ್ಟು ಗಟ್ಟಿ ಮಾಡಿ ಕೊಡಬೇಕು ಎಂದು ತೋರಿಸಬಹುದು. ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಅದಕ್ಕೆ ಡ್ರಾಪ್ಸ್ ಹಾಕಬಹುದು. ತಟ್ಟೆಯನ್ನು ಸ್ವಲ್ಪ ಎತ್ತರದಲ್ಲಿ ಇಡಬಹುದು, ಕಣ್ಣಿನ ಮಟ್ಟಕ್ಕೆ. ಈ ಒಂದು ಸಣ್ಣ ವಿಷಯ ನಮಗೆ ಮೂರು ವರ್ಷ ಯಾರೂ ಹೇಳಲಿಲ್ಲ. ತಟ್ಟೆಯ ಕೆಳಗೆ ಒಂದು ಮಣೆ ಇಟ್ಟ ದಿನ ಅಣ್ಣ ತಾವೇ ಕೈಯಿಂದ ಊಟ ಮಾಡಿದರು. ಅತ್ತಿಗೆ ಅಡುಗೆಮನೆಗೆ ಹೋಗಿ ಅತ್ತರು.

ಮತ್ತೊಂದು, ನೋಡಿಕೊಳ್ಳುವವರ ಪಾಡು. ಅತ್ತಿಗೆಗೆ ಆಗ ಐವತ್ತೊಂಬತ್ತು, ಸಕ್ಕರೆ ಕಾಯಿಲೆ ಬೇರೆ. ಒಂದೂವರೆ ಕೋಣೆಯ ಮನೆಯಲ್ಲಿ ರಾತ್ರಿ ಐದಾರು ಸಲ ಎದ್ದು, ತಮಗಿಂತ ದೊಡ್ಡ ಆಳನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯುತ್ತಿದ್ದರು. ಬ್ಯೂರೋದಿಂದ ಒಬ್ಬ ವಾರ್ಡ್‌ಬಾಯ್ ರಾತ್ರಿಗೆ ಮಾತ್ರ ಬಂದಿದ್ದರೂ ಸಾಕಿತ್ತು. ಅದಕ್ಕೆ ಹಣವಿರಲಿಲ್ಲ. ಆಗ ಬಂದದ್ದು ನಮ್ಮ ಈ ನಿಧಿ. ಆಸ್ಪತ್ರೆಯ ಮಂಚ, ಏರ್ ಬೆಡ್, ಕಫ ತೆಗೆಯುವ ಸಕ್ಷನ್ ಮೆಷಿನ್ ಇವನ್ನು ಸಂಘ ಕೊಟ್ಟಿತು. ಆರು ತಿಂಗಳು ರಾತ್ರಿಯ ಸಹಾಯಕನ ಸಂಬಳ ಕೊಟ್ಟಿತು. ಮಂಚ ಬಂದ ವಾರ, ಎರಡು ವರ್ಷದಲ್ಲಿ ಮೊದಲ ಸಲ ಅತ್ತಿಗೆ ರಾತ್ರಿ ಪೂರ್ತಿ ಮಲಗಿದರು. ಅಣ್ಣ ಕಾಯಿಲೆ ಶುರುವಾದ ಆರನೇ ವರ್ಷದಲ್ಲಿ ತೀರಿಕೊಂಡರು. ತಮ್ಮ ಮನೆಯಲ್ಲೇ, ಮೈಮೇಲೆ ಒಂದು ಹುಣ್ಣಿಲ್ಲದೆ, ಅತ್ತಿಗೆಯ ಕೈ ಹಿಡಿದುಕೊಂಡು ಹೋದರು. ಅತ್ತಿಗೆ ಇವತ್ತೂ ಇದ್ದಾರೆ, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾರೆ. ಮಾನ್ಯರೇ, ನಿಮ್ಮ ದೇಣಿಗೆಯಿಂದ ಎದ್ದು ನಡೆದು ಬಂದು ನಮಸ್ಕಾರ ಹೇಳುವವರು ಯಾರು ಎಂದು ಕೇಳಿದಿರಲ್ಲ, ಅವರು ಅಲ್ಲಿ ಬಾಗಿಲ ಹತ್ತಿರ ಕುಳಿತಿದ್ದಾರೆ.

ಸರ್ಕಾರದ ನೆರವು ಇಲ್ಲವೇ ಎಂದರೆ, ಇದೆ, ಅದನ್ನು ಬಿಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಪಾರ್ಕಿನ್ಸನ್ ಮತ್ತು ದೀರ್ಘಕಾಲದ ನರರೋಗಗಳೂ ಸೇರಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಮಾಣಪತ್ರ ಮಾಡಿಸಿ ಯುಡಿಐಡಿ ಕಾರ್ಡ್ ಪಡೆಯಿರಿ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರಿನಿಂದ ಸಿಗುತ್ತಿದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ಅದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಮನೆಯಲ್ಲಿ ಮಲಗಿರುವವರ ಮಂಚಕ್ಕೆ, ಆಯಾಳ ಸಂಬಳಕ್ಕೆ, ಮನೆಗೆ ಬರುವ ಫಿಸಿಯೋಥೆರಪಿಸ್ಟ್ ಫೀಸಿಗೆ ಅಲ್ಲ. ಈ ಕಾಯಿಲೆಗಳಲ್ಲಿ ನೂರಕ್ಕೆ ತೊಂಬತ್ತು ದಿನ ಕಳೆಯುವುದು ಮನೆಯಲ್ಲೇ ಅಲ್ಲವೇ? ಸರ್ಕಾರದ ಕೈ ನಿಲ್ಲುವ ಜಾಗದಿಂದ ನಮ್ಮ ನಿಧಿಯ ಕೆಲಸ ಶುರುವಾಗುತ್ತದೆ.

ಹಾಗಾಗಿ ಸಮಿತಿಯ ಪರವಾಗಿ ನಿಮ್ಮ ಮುಂದೆ ಮೂರು ಕೋರಿಕೆ ಇಡುತ್ತೇನೆ. ಮೊದಲನೆಯದು, ಮಂಚ, ವೀಲ್‌ಚೇರ್, ಏರ್ ಬೆಡ್, ಸಕ್ಷನ್ ಮೆಷಿನ್ ಇವುಗಳ ಸಂಗ್ರಹವನ್ನು ಹೆಚ್ಚಿಸಬೇಕು. ನಿಮ್ಮ ಮನೆಯಲ್ಲಿ ಕೆಲಸ ಮುಗಿದು ಮಂಚದಡಿ ಧೂಳು ತಿನ್ನುತ್ತಿರುವುದು ಇದ್ದರೆ ಅದನ್ನೂ ಕೊಡಿ. ಒಂದು ಮಂಚ ಹತ್ತು ಮನೆ ಸುತ್ತುತ್ತದೆ. ಎರಡನೆಯದು, ಒಬ್ಬ ದಾನಿ ಒಂದು ಕುಟುಂಬದ ಒಂದು ತಿಂಗಳ ರಾತ್ರಿ ಸಹಾಯಕನ ಸಂಬಳ ವಹಿಸಿಕೊಳ್ಳಲಿ. ಹನ್ನೆರಡು ಜನ ಸೇರಿದರೆ ಒಂದು ಮನೆಗೆ ಒಂದು ವರ್ಷ ನಿದ್ದೆ ಬರುತ್ತದೆ. ಮೂರನೆಯದಕ್ಕೆ ಹಣ ಬೇಡ. ಯಾರ ಮನೆಯಲ್ಲಾದರೂ ಹಿರಿಯರು ಪದೇ ಪದೇ ಹಿಂದಕ್ಕೆ ಬೀಳುತ್ತಿದ್ದರೆ, ಕೆಳಗೆ ನೋಡಲು ಕಷ್ಟಪಡುತ್ತಿದ್ದರೆ, ಕುಡಿತ ಎಂದೋ ಮುಪ್ಪು ಎಂದೋ ತಳ್ಳಿಹಾಕಬೇಡಿ. ನರರೋಗ ತಜ್ಞರಿಗೆ ತೋರಿಸಿ. ಲಕ್ಷಗಟ್ಟಲೆ ಹಣ ಕೊಡುವ ಮೊದಲು ನಮ್ಮ ಸಮಿತಿಯ ವೈದ್ಯರಿಗೆ ಒಂದು ಫೋನ್ ಮಾಡಿ.

ಕೊನೆಯದಾಗಿ, ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಮಾತು. ಆ ಜೀನಿನ ಸುಳಿವು ಸಿಕ್ಕಿದ್ದು ಎಲ್ಲೋ ದೂರದಲ್ಲಿ ದುಃಖದಲ್ಲಿದ್ದ ಕುಟುಂಬಗಳು ತಮ್ಮವರ ಮಿದುಳನ್ನು ದಾನ ಮಾಡಿದ್ದರಿಂದ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ 1995ರಿಂದ ಮಿದುಳು ಬ್ಯಾಂಕ್ ಇದೆ. ತೀರಿಕೊಂಡ ಕೆಲವೇ ಗಂಟೆಗಳಲ್ಲಿ ಆಗಬೇಕಾದ ಕೆಲಸ ಅದು, ಮೊದಲೇ ಮನೆಯವರೆಲ್ಲ ಕುಳಿತು ಮಾತಾಡಿಕೊಂಡಿರಬೇಕು. ಅಣ್ಣನ ಮಿದುಳನ್ನು ನಾವು ಕೊಡಲಿಲ್ಲ. ಕೊಡಬಹುದು ಎಂದು ಜೀವರಸಾಯನಶಾಸ್ತ್ರ ಕಲಿಸಿದ ನನಗೂ ಆ ಹೊತ್ತಿಗೆ ತೋಚಲಿಲ್ಲ. ಬೆಂಗಳೂರು, ಮೈಸೂರು ಕಡೆ ಇರುವ ನಿಮ್ಮ ಬಂಧುಗಳಿಗೆ ಈ ವಿಷಯ ತಿಳಿಸಿ.

ಮದ್ದು ಬರುತ್ತದೆ. ಯಾವಾಗ ಎಂದು ಹೇಳಲಾರೆ. ಅದು ಬರುವವರೆಗೆ ಒಬ್ಬರು ಬೀಳದಂತೆ ಇನ್ನೊಬ್ಬರು ಹಿಡಿದುಕೊಳ್ಳಬೇಕು. ಹಿಡಿದುಕೊಂಡವರು ಸುಸ್ತಾಗಿ ಬೀಳದಂತೆ ಸಂಘ ಹಿಡಿದುಕೊಳ್ಳಬೇಕು. ನಮ್ಮ ನಿಧಿಯ ಹಣ ಹೋಗುವುದು ಅದಕ್ಕೆ.